ಲಾರಿಯನ್ನು ಹೊತ್ತ ರೈಲು

ಕಲಬುರ್ಗಿಯಿಂದ ಸೊಲ್ಲಾಪುರದ ಕಡೆಗೆ ಹೊರಟ ರೈಲು ಸ್ವಲ್ಪ ಹೊತ್ತಿನಲ್ಲಿಯೇ ಒಂದು ಚಿಕ್ಕ ನಿಲ್ದಾಣವನ್ನು ಮುಟ್ಟುತ್ತದೆ. ಹಲಗೆಯ ಮೇಲೆ ‘ಗಾಣಗಾಪುರ ರೋಡ್’ ಎಂದು ಬರೆದಿದೆ. ದತ್ತಕ್ಷೇತ್ರದ ದರ್ಶನಕ್ಕೆಂದು ಮೊದಲ ಸಲ ಬಂದವರು ಗಂಟುಮೂಟೆಗಳೊಡನೆ ಇಳಿದು, ಗುಡಿಯ ಶಿಖರ ಎಲ್ಲಿ ಎಂದು ಸುತ್ತಲೂ ನೋಡುತ್ತಾರೆ. ಶಿಖರವಿಲ್ಲ, ಭೀಮಾ ನದಿಯಿಲ್ಲ, ಅಮರಜಾ ಸಂಗಮವಿಲ್ಲ. ಇರುವುದು ಎರೆಹೊಲ, ತೊಗರಿ, ಬಯಲು. ಕ್ಷೇತ್ರಕ್ಕೆ ಇಲ್ಲಿಂದ ಇನ್ನೂ ಇಪ್ಪತ್ತು ಕಿಲೋಮೀಟರಿನಷ್ಟು ದಾರಿಯುಂಟು. ‘ರೋಡ್’ ಎಂಬ ಆ ಒಂದು ಮಾತಿನ ಅರ್ಥ ಆಗ ತಿಳಿಯುತ್ತದೆ: ಇದು ಗಾಣಗಾಪುರವಲ್ಲ, ಗಾಣಗಾಪುರಕ್ಕೆ ಹೋಗುವ ರಸ್ತೆ ಹೊರಡುವ ಸ್ಥಳ. ಅದೇ ದಾರಿಯಲ್ಲಿ ಮುಂದೆ ಅಕ್ಕಲಕೋಟ ರೋಡ್ ಇದೆ. ಇಂದು ಕುರ್ಡುವಾಡಿ ಎನಿಸಿಕೊಂಡ ನಿಲ್ದಾಣಕ್ಕೂ ಒಂದು ಕಾಲದಲ್ಲಿ ಬಾರ್ಸಿ ರೋಡ್ ಎಂದೇ ಹೆಸರಿತ್ತು. ರೈಲು ಹಾಕಿದವರು ಊರುಗಳನ್ನು ಹುಡುಕಿಕೊಂಡು ಹೋಗಲಿಲ್ಲ. ನೇರವಾಗಿ, ಸಮತಟ್ಟಾಗಿ ಹೋದರು. ಊರಿನವರೇ ಹಳಿಯ ತನಕ ಬರಲಿ ಎಂಬುದು ಅವರ ಲೆಕ್ಕ.

2020ರ ಆಗಸ್ಟ್ 30ರಂದು ಬೆಂಗಳೂರಿನ ಬಳಿಯ ನೆಲಮಂಗಲದಿಂದ ವಿಚಿತ್ರವಾದೊಂದು ರೈಲು ಹೊರಟಿತು. ಧರ್ಮವರಂ, ಗುಂತಕಲ್ಲು, ರಾಯಚೂರುಗಳ ಮೇಲೆ ಹಾದು, ವಾಡಿ, ಕಲಬುರ್ಗಿ, ಗಾಣಗಾಪುರ ರೋಡುಗಳನ್ನು ದಾಟಿ ಸೊಲ್ಲಾಪುರದ ಪಕ್ಕದ ಬಾಳೆ ನಿಲ್ದಾಣಕ್ಕೆ ಹೋಗುವ 682 ಕಿಲೋಮೀಟರಿನ ಪಯಣ ಅದು. ಅದರ ಡಬ್ಬಿಗಳಿಗೆ ಗೋಡೆಯಿಲ್ಲ, ಮಾಡಿಲ್ಲ. ಆ ತೆರೆದ ಹಾಸುಗಳ ಮೇಲೆ ಒಂದರ ಹಿಂದೊಂದು ಲಾರಿಗಳು ನಿಂತಿದ್ದವು. ಸರಕು ತುಂಬಿದ ನಲವತ್ತೆರಡು ಲಾರಿಗಳನ್ನು ಒಟ್ಟಿಗೆ ಹೊರುವಂತೆ ಏರ್ಪಡಿಸಿದ ರೈಲು. ಲಾರಿಯ ಎಂಜಿನ್ನು ಆರಿದೆ, ಗಾಲಿಗೆ ಕಟ್ಟು ಬಿಗಿದಿದೆ. ಓಡಬೇಕಾದ ವಾಹನ ಸವಾರಿ ಹೋಗುತ್ತಿದೆ. ಕುದುರೆಯನ್ನು ಹೆಗಲ ಮೇಲೆ ಹೊತ್ತುಕೊಂಡು ನಡೆದವನ ಕಥೆ ಕೇಳಿದಂತೆ ನಗು ಬರುವುದು ಸಹಜ. ಆದರೆ ಆ ನಗುವಿನ ಹಿಂದೆ ನಮ್ಮ ನಾಡಿನ ನೂರೈವತ್ತು ವರ್ಷಗಳ ಒಂದು ಲೆಕ್ಕಾಚಾರ ಅಡಗಿದೆ. ಆ ಲೆಕ್ಕ ಗಾಣಗಾಪುರ ರೋಡಿನ ಬಯಲಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ನಗರದ ಮಧ್ಯೆ ಕಾಣದು.

ರೈಲು ಬರುವ ಮೊದಲು ಈ ಬಯಲಿನಲ್ಲಿ ಭಾರ ಹೊರುತ್ತಿದ್ದುದು ಎತ್ತು. ಗಾಡಿಯ ಎತ್ತಲ್ಲ, ಹೇರೆತ್ತು. ಎರೆಮಣ್ಣಿನ ಸೀಮೆಯಲ್ಲಿ ಮಳೆ ಬಿದ್ದರೆ ಗಾಡಿಯ ಚಕ್ರ ಅಚ್ಚಿನವರೆಗೆ ಹೂತುಹೋಗುತ್ತದೆ. ಹೀಗಾಗಿ ಬೆನ್ನ ಮೇಲೆ ಹೇರುವುದೇ ಲೇಸು. ಲಂಬಾಣಿಗರ ಹಿಂಡುಗಳು ಸಾವಿರಗಟ್ಟಲೆ ಎತ್ತುಗಳೊಡನೆ ಕರಾವಳಿಯಿಂದ ಉಪ್ಪನ್ನು ಮೇಲಕ್ಕೂ, ಬಯಲುಸೀಮೆಯ ಕಾಳುಕಡಿ, ಹತ್ತಿಗಳನ್ನು ಕೆಳಕ್ಕೂ ಸಾಗಿಸುತ್ತಿದ್ದವು. ಸೈನ್ಯಗಳಿಗೂ ಅವರೇ ಗತಿ: ಟೀಪುವಿನ ಮೇಲೆ ಏರಿಬಂದ ಕಾರ್ನ್‌ವಾಲಿಸನ ದಂಡು ಉಂಡದ್ದು ಲಂಬಾಣಿಗರ ಎತ್ತುಗಳು ತಂದ ಧಾನ್ಯವನ್ನು. ಒಂದೊಂದು ಎತ್ತಿನ ಹೇರು ಒಂದು ಕ್ವಿಂಟಲಿಗೆ ತುಸು ಮೇಲೆ; ದಿನಕ್ಕೆ ಎಂಟು ಹತ್ತು ಮೈಲಿ ನಡೆದರೆ ಹೆಚ್ಚು. ಉರುವಲಿನ ಖರ್ಚು ಮಾತ್ರ ಸೊನ್ನೆ. ದಾರಿಯ ಮಗ್ಗುಲಿನ ಹುಲ್ಲೇ ಅದರ ಎಣ್ಣೆ.

ಹಾಗೆಂದು ಹಿಂದಿನ ಕಾಲವನ್ನು ಹೊಗಳಲು ಹೊರಟವರು 1876ರಿಂದ 1878ರವರೆಗಿನ ದೊಡ್ಡ ಬರವನ್ನು ನೆನೆಯಬೇಕು. ಅಷ್ಟು ಹೊತ್ತಿಗೆ ರೈಲು ಬಂದಾಗಿತ್ತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿ, ಅಲ್ಲಿಂದ ನಿಜಾಮರ ಸೀಮೆಯೊಳಗೆ ಇಳಿದು, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತ್ತು. ಮುಂಬಯಿಯಿಂದ ಮದ್ರಾಸಿಗೆ ಒಂದೇ ದಾರಿ. ಬರದ ವರ್ಷಗಳಲ್ಲಿ ಧಾನ್ಯ ಹಳಿಯ ಮೇಲೆ ನಿಲ್ದಾಣಗಳಿಗೆ ಬಂದು ಬಿದ್ದಿತು. ಅಲ್ಲಿಂದ ಹಳ್ಳಿಗೆ ಒಯ್ಯಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಮೂಟೆಗಳು ರೈಲಿನ ಬಳಿ ರಾಶಿಬಿದ್ದಿರಲು, ಕೆಲವೇ ಹರದಾರಿ ಆಚೆ ಜನ ಹಸಿವಿನಿಂದ ಸತ್ತರು. ಹುಲ್ಲನ್ನು ಉರುವಲಾಗಿ ಉಳ್ಳ ಸಾಗಾಟಕ್ಕೆ ಇದೇ ಶಾಪ: ಅದರ ಅಗತ್ಯ ಎಲ್ಲಕ್ಕಿಂತ ಹೆಚ್ಚಾದ ವರ್ಷವೇ ಅದರ ಉರುವಲು ತೀರಿಹೋಗುತ್ತದೆ. ಬರದ ಪಾಠದಿಂದಲೇ ಹುಟ್ಟಿದ್ದು ಹೋಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ಹೋಗುವ ಮೀಟರ್ ಗೇಜ್ ಹಾದಿ. ಅದು 1884ರಲ್ಲಿ ತೆರೆಯಿತು. ಅದರ ವಿಷಯ ಮುಂದೆ ಇನ್ನೊಮ್ಮೆ ಬರುತ್ತದೆ.

ರೈಲು ಹೇರೆತ್ತನ್ನು ಸೋಲಿಸಿದ್ದು ವೇಗದಿಂದ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಗೆದ್ದದ್ದು ತಿಕ್ಕಾಟದ ಲೆಕ್ಕದಲ್ಲಿ. ಒಂದು ಟನ್ ಭಾರವನ್ನು ಸಮತಟ್ಟಾದ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಯಲ್ಲಿ ಎಳೆಯಲು ಎರಡು ಕಿಲೋ ಆಸುಪಾಸಿನ ಸೆಳೆತ ಸಾಕು. ಒಬ್ಬ ಹುಡುಗನ ಒಂದು ಕೈಯ ಬಲ! ಅದೇ ಟನ್ನನ್ನು ಒಳ್ಳೆಯ ಡಾಂಬರು ರಸ್ತೆಯಲ್ಲಿ ಲಾರಿಯ ರಬ್ಬರು ಗಾಲಿಯ ಮೇಲೆ ಉರುಳಿಸಲು ಆರರಿಂದ ಹತ್ತು ಕಿಲೋ ಬೇಕು. ಮಣ್ಣಿನ ದಾರಿಯಲ್ಲಿ ಐವತ್ತಾದರೂ ಸಾಲದು. ಎಂಜಿನ್ನಿನಲ್ಲಿ ಸೌದೆ ಉರಿಯಲಿ, ಕಲ್ಲಿದ್ದಲು ಉರಿಯಲಿ, ಡೀಸೆಲ್ ಉರಿಯಲಿ, ಈ ಪ್ರಮಾಣ ಬದಲಾಗದು. ಎಂಜಿನ್ನುಗಳನ್ನು ಎಷ್ಟು ಸುಧಾರಿಸಿದರೂ ಅದು ರಸ್ತೆಗೂ ಹಳಿಗೂ ಸಮಾನವಾಗಿ ಸಿಕ್ಕ ವರ. ರಬ್ಬರು ಉಕ್ಕಾಗುವುದಿಲ್ಲವಲ್ಲ!

ಇನ್ನು ಮೋಟಾರಿನ ಕಾಲಕ್ಕೆ ಬರೋಣ. ನಿಜಾಮರ ರಾಜ್ಯದಲ್ಲಿ ನಡೆದ ಒಂದು ಸಂಗತಿಯನ್ನು ನಾವು ಕನ್ನಡಿಗರು ಮರೆತೇಬಿಟ್ಟಿದ್ದೇವೆ. ಆಗ ಗಾಣಗಾಪುರವೂ ಆ ರಾಜ್ಯದ್ದೇ. 1932ರ ಜೂನ್ ತಿಂಗಳಲ್ಲಿ ನಿಜಾಮರ ಸ್ಟೇಟ್ ರೈಲ್ವೆಯೇ ಒಂದು ರಸ್ತೆ ಸಾರಿಗೆ ಇಲಾಖೆಯನ್ನು ತೆರೆಯಿತು. ಇಪ್ಪತ್ತೇಳು ಬಸ್ಸು, ನೂರ ಅರವತ್ತಾರು ಜನ ನೌಕರರು, ಇಷ್ಟೇ ಅದರ ಬಂಡವಾಳ. ಭಾರತದಲ್ಲಿ ಸರ್ಕಾರಿ ಬಸ್ಸಿನ ಮೊದಲ ಹೆಜ್ಜೆಗಳಲ್ಲಿ ಇದೊಂದು. ಆದರೆ ಅದಕ್ಕಿಂತಲೂ ಗಮನಿಸಬೇಕಾದುದು ಬೇರೆ: ಹಳಿಯೂ ರಸ್ತೆಯೂ ಒಂದೇ ಯಜಮಾನನ ಕೈಯಲ್ಲಿದ್ದವು. ಬ್ರಿಟಿಷ್ ಇಂಡಿಯಾದಲ್ಲಿ ಅದೇ ಹೊತ್ತಿಗೆ ಖಾಸಗಿ ಬಸ್ಸುಗಳು ರೈಲಿನ ಪಕ್ಕದ ರಸ್ತೆಗಳಲ್ಲಿಯೇ ಓಡಿ, ಅದರ ಗಿರಾಕಿಗಳನ್ನು ಕಸಿಯುತ್ತಿದ್ದವು. ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳು ಈ ಪೈಪೋಟಿಯನ್ನು ಕುರಿತು ವರದಿ ಬರೆಯಬೇಕಾಯಿತು. ಕೊನೆಗೆ 1939ರ ಮೋಟಾರು ವಾಹನ ಕಾನೂನು ಬಂದು, ಪರ್ಮಿಟ್ಟಿನ ಬೇಲಿ ಕಟ್ಟಿತು. ಒಂದು ಕಡೆ ಬೇಲಿ, ಇನ್ನೊಂದು ಕಡೆ ಒಕ್ಕಲುತನ. ಹೈದರಾಬಾದಿನವರು ಬಸ್ಸನ್ನು ರೈಲಿನ ಶತ್ರುವೆಂದು ಕಾಣದೆ, ರೈಲಿನ ಕೈಬೆರಳೆಂದು ಕಂಡರು. ನಿಜಾಮರ ಆಡಳಿತದ ವಿಷಯದಲ್ಲಿ ನಮ್ಮ ಭಾಗದ ಜನಕ್ಕೆ ಹೊಗಳಲು ಹೆಚ್ಚಿಗೆ ಏನೂ ಇಲ್ಲ. ರಜಾಕಾರರ ಹಾವಳಿಯನ್ನು ಕಂಡ ನಾಡು ಇದು. ಆದರೆ ಈ ಒಂದು ವಿಷಯದಲ್ಲಿ ಅವರ ಎಣಿಕೆ ಸರಿಯಾಗಿತ್ತೆಂದು ಹೇಳದೆ ಗತಿಯಿಲ್ಲ.

ಆ ಎಣಿಕೆ ಸ್ವಾತಂತ್ರ್ಯದ ಬಳಿಕ ಬಾಳಲಿಲ್ಲ. 1950ರಲ್ಲಿ ನಿಜಾಮರ ರೈಲು ಕೇಂದ್ರ ಸರ್ಕಾರದ ವಶವಾಯಿತು. ಮರುವರ್ಷ ಬಸ್ಸು ಹೈದರಾಬಾದ್ ರಾಜ್ಯದ ಪಾಲಿಗೆ ಬಿತ್ತು. 1956ರ ನವೆಂಬರಿನಲ್ಲಿ ರಾಜ್ಯವೇ ಒಡೆದು ಕಲಬುರ್ಗಿ, ರಾಯಚೂರು, ಬೀದರಗಳು ಮೈಸೂರಿಗೆ ಬಂದವು. ಕನ್ನಡಿಗರು ಒಂದಾದದ್ದು ಸಂತೋಷ. ಹಳಿ ಮತ್ತು ರಸ್ತೆ ಬೇರೆಯಾದದ್ದನ್ನು ಕುರಿತು ಯಾರೂ ಅಂದು ಕಣ್ಣೀರು ಹಾಕಿದಂತೆ ಕಾಣೆ.

ಇದರ ನಡುವೆ ಯುದ್ಧ ಬಂದಿತ್ತು. ಇಂಧನ ಉಳಿಸುವ ಮಾತು ಈ ನಾಡಿನ ರಸ್ತೆಗಳಲ್ಲಿ ಮೊದಲು ಕೇಳಿದ್ದು ಆಗಲೇ, ಅದೂ ಉಪದೇಶದ ರೂಪದಲ್ಲಿ ಅಲ್ಲ, ಇಲ್ಲದಿರುವಿಕೆಯ ರೂಪದಲ್ಲಿ. ಭಾರತಕ್ಕೆ ಬರ್ಮಾದ ಎಣ್ಣೆಯೇ ದೊಡ್ಡ ಆಧಾರ. 1942ರ ಮಾರ್ಚಿನಲ್ಲಿ ರಂಗೂನ್ ಜಪಾನೀಯರ ಕೈಸೇರಿತು. ಅಸ್ಸಾಮಿನ ದಿಗ್ಬಾಯಿಯ ಎಣ್ಣೆ ಯಾವ ಮೂಲೆಗೆ ಸಾಲಬೇಕು? ಪೆಟ್ರೋಲಿಗೆ ಕೂಪನ್ನು ಬಂತು. ಬಸ್ಸು, ಲಾರಿಗಳ ಬೆನ್ನಿಗೆ ಡ್ರಮ್ಮಿನಂಥ ಒಲೆ ಬಂತು. ಇದ್ದಲಿನ ಬಸ್ಸು! ಹಳಬರ ಬಾಯಲ್ಲಿ ಅದರ ವರ್ಣನೆಯನ್ನು ಕೇಳದ ಮನೆ ನಮ್ಮಲ್ಲಿ ಕಡಿಮೆ.

ಅದು ಹೀಗೆ ನಡೆಯುತ್ತಿತ್ತು. ಉದ್ದನೆಯ ಕಬ್ಬಿಣದ ಪಾತ್ರೆಗೆ ಮೇಲಿನಿಂದ ಇದ್ದಲು ಸುರಿದು, ಕೆಳಗೆ ಬೆಂಕಿ ಹೊತ್ತಿಸಬೇಕು. ಕ್ಲೀನರು ಪಂಖದ ಹಿಡಿಯನ್ನು ತಿರುಗಿಸುತ್ತ ಬೆಂಕಿಗೆ ಗಾಳಿ ಊದಬೇಕು, ಹತ್ತು ನಿಮಿಷವೋ ಕಾಲು ಗಂಟೆಯೋ, ಅಷ್ಟರಲ್ಲಿ ಅವನ ಮುಖವೂ ಇದ್ದಲಾಗಿರುತ್ತಿತ್ತು. ಗಾಳಿ ಸಾಲದಂತೆ ಉರಿದ ಇದ್ದಲಿನಿಂದ ಇಂಗಾಲದ ಮೊನಾಕ್ಸೈಡ್ ಎಂಬ ಹೊತ್ತುವ ಅನಿಲ ಹುಟ್ಟುತ್ತದೆ. ಅದನ್ನು ತಣಿಸಿ, ಬಟ್ಟೆ ನಾರುಗಳಲ್ಲಿ ಸೋಸಿ, ಗಾಳಿ ಬೆರೆಸಿ ಎಂಜಿನ್ನಿಗೆ ಬಿಟ್ಟರೆ ಪೆಟ್ರೋಲಿನ ಬದಲು ಅದೇ ಉರಿಯುತ್ತದೆ. ಆದರೆ ಆ ಅನಿಲದಲ್ಲಿ ಅರ್ಧದಷ್ಟು ಉರಿಯದ ನೈಟ್ರೋಜನ್. ಎಂಜಿನ್ನಿನ ಬಲ ಮೂರನೆಯ ಒಂದು ಭಾಗದಷ್ಟು ಕುಗ್ಗುತ್ತಿತ್ತು. ದಿಣ್ಣೆ ಬಂದರೆ ಪ್ರಯಾಣಿಕರೆಲ್ಲ ಇಳಿದು ನಡೆಯಬೇಕು, ತಳ್ಳಲೂ ಬೇಕು. ಟಿಕೀಟು ಕೊಂಡು ನೂಕುವ ಭಾಗ್ಯ. ಮುಚ್ಚಿದ ಷೆಡ್ಡಿನಲ್ಲಿ ಒಲೆಯನ್ನು ಹಾಗೆಯೇ ಬಿಟ್ಟರೆ ಬಣ್ಣವಿಲ್ಲದ, ವಾಸನೆಯಿಲ್ಲದ ಆ ವಿಷ ಮಲಗಿದವನನ್ನು ಎಬ್ಬಿಸುವುದಿಲ್ಲ.

ಈ ಉಪಾಯ ನಮ್ಮದೇನಲ್ಲ. ಜಾರ್ಜ್ ಇಂಬೆರ್ ಎಂಬ ಫ್ರೆಂಚ್ ಎಂಜಿನಿಯರು 1920ರ ದಶಕದಲ್ಲಿ ಇದನ್ನು ಹದಕ್ಕೆ ತಂದಿದ್ದ. ಎಣ್ಣೆಯೇ ಇಲ್ಲದ ಸ್ವೀಡನ್ ದೇಶದಲ್ಲಿ ಯುದ್ಧದ ನಡುವೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ವಾಹನಗಳು ಹೀಗೆ ಓಡಿದವು. ಈಗಿನ ಕೆಲವರು ಇದನ್ನು ನೆನೆದು, ಆಹಾ, ಪೆಟ್ರೋಲಿಲ್ಲದೆ ಓಡಿದ ಕಾಲ ಎನ್ನುತ್ತಾರೆ. ಒಂದು ಲೀಟರು ಪೆಟ್ರೋಲಿನ ಕೆಲಸಕ್ಕೆ ಒಂದೂವರೆಯಿಂದ ಎರಡು ಕಿಲೋ ಇದ್ದಲು; ಮಣ್ಣಿನ ಗೂಡಿನಲ್ಲಿ ಒಂದು ಕಿಲೋ ಇದ್ದಲು ಸುಡಲು ಐದಾರು ಕಿಲೋ ಕಟ್ಟಿಗೆ. ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು. ಉಳಿದದ್ದು ಪೆಟ್ರೋಲು, ಉರಿದದ್ದು ಕಾಡು. ಯುದ್ಧ ಮುಗಿದು ಪೆಟ್ರೋಲು ಸಿಕ್ಕಿದ ಕೂಡಲೇ ಎಲ್ಲರೂ ಆ ಒಲೆಗಳನ್ನು ಕಿತ್ತೆಸೆದರು.

ಮುಂದಿನದು ಲಾರಿಯ ಯುಗ. 1954ರಲ್ಲಿ ಜಮ್ಷೆಡ್‌ಪುರದಿಂದ ಟಾಟಾ ಮರ್ಸಿಡಿಸ್ ಬೆಂಝ್ ಲಾರಿ ಹೊರಬಂದಿತು. ಡೀಸೆಲ್ ಎಂಜಿನ್ನು ಪೆಟ್ರೋಲಿನದಕ್ಕಿಂತ ಕಡಿಮೆ ಎಣ್ಣೆಯಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಡೀಸೆಲ್ ಅಗ್ಗವೂ ಆಗಿತ್ತು. ರೈಲಿನ ಗೂಡ್ಸ್ ಷೆಡ್ಡಿನಲ್ಲಿ ವ್ಯಾಗನ್ನಿಗಾಗಿ ಕಾದು ಕಾದು ಬೇಸತ್ತ ಅಡತಿ ವ್ಯಾಪಾರಿ ಲಾರಿಗೆ ತಿರುಗಿದ. ಅವನ ತಪ್ಪೇನು? ರೈಲಿಗೆ ಬೇಕಾದುದು ಕಲ್ಲಿದ್ದಲು, ಅದಿರು, ಸಿಮೆಂಟು, ಇಡೀ ಗಾಡಿ ತುಂಬುವ ಸರಕು. ಹತ್ತು ಚೀಲ ತೊಗರಿಯವನನ್ನು ಅದು ಕಣ್ಣೆತ್ತಿ ನೋಡಲಿಲ್ಲ. ಹೋಟಗಿಯಲ್ಲಿ ಇನ್ನೊಂದು ವಿಘ್ನ: ವಿಜಾಪುರದ ಕಡೆಯಿಂದ ಚಿಕ್ಕ ಹಳಿ, ಸೊಲ್ಲಾಪುರದ ಕಡೆಗೆ ದೊಡ್ಡ ಹಳಿ. ಪ್ರತಿ ಮೂಟೆಯನ್ನೂ ಹಮಾಲರು ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಬರದಿಂದ ಹುಟ್ಟಿದ ಆ ಹಾದಿ ಗದಗಿನವರೆಗೆ ದೊಡ್ಡ ಹಳಿಯಾಗಿದ್ದು 2008ರಲ್ಲಿ, ಅಂದರೆ ನೂರ ಇಪ್ಪತ್ತನಾಲ್ಕು ವರ್ಷಗಳಾದ ಮೇಲೆ! ಅಷ್ಟರಲ್ಲಿ ಗಿರಾಕಿ ಹೊರಟುಹೋಗಿದ್ದ. ಸ್ವಾತಂತ್ರ್ಯದ ಮೊದಲ ವರ್ಷಗಳಲ್ಲಿ ದೇಶದ ಸರಕಿನಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಮೇಲೆ ಹಳಿಯ ಮೇಲೆ ಸಾಗುತ್ತಿತ್ತು. ಇಂದು ಮೂರನೆಯ ಒಂದು ಪಾಲೂ ಇಲ್ಲ.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆಯ ಕೈ ಬಿಗಿಹಿಡಿದವು. ಮೂರು ಡಾಲರಿನ ಆಸುಪಾಸಿನಲ್ಲಿದ್ದ ಪೀಪಾಯಿ ಕೆಲವೇ ತಿಂಗಳಲ್ಲಿ ಹನ್ನೊಂದನ್ನು ದಾಟಿತು. ಆಗ ನಮ್ಮವರಿಗೆ ಎರಡು ಬಗೆಯ ಯೋಚನೆ ಬಂತು. ದೆಹಲಿಯಲ್ಲಿ 1978ರಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನ ಸಂಘ ಹುಟ್ಟಿ, ಚಾಲಕರಿಗೆ ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಓಡಿಸಿರಿ, ಗಾಲಿಯ ಗಾಳಿ ನೋಡಿಕೊಳ್ಳಿ ಎಂದು ಬೋಧಿಸಿತು. ಒಳ್ಳೆಯ ಬೋಧನೆಯೇ. ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಮಾತ್ರ ಎಲ್ಲರೂ ನಗುವಂಥ ವಿಷಯವನ್ನು ಹಿಡಿದರು: ಎತ್ತಿನ ಗಾಡಿ. ದೊಡ್ಡ ವ್ಯವಹಾರಗಳ ವಿದ್ಯೆ ಕಲಿಸುವ ಶಾಲೆಯ ಮುಖ್ಯಸ್ಥರು ನೊಗ, ಅಚ್ಚು, ಗಾಲಿಗಳ ಲೆಕ್ಕ ಹಾಕುತ್ತ ಕುಳಿತರೆಂದರೆ ಹಾಸ್ಯ ಮಾಡಿದವರು ಇದ್ದೇ ಇದ್ದರು. ಕಬ್ಬಿಣದ ಪಟ್ಟಿಯ ಗಾಲಿ ರಸ್ತೆಯನ್ನೂ ಕೆಡಿಸುತ್ತದೆ, ಎತ್ತಿನ ಕುತ್ತಿಗೆಯನ್ನೂ ಕೆಡಿಸುತ್ತದೆ. ಗಾಲಿ, ನೊಗಗಳನ್ನು ತಿದ್ದಿದರೆ ಅದೇ ಎತ್ತು ಹೆಚ್ಚು ಭಾರವನ್ನು ಕಡಿಮೆ ನೋವಿನಿಂದ ಎಳೆದೀತು ಎಂಬುದು ಅವರ ವಾದ. ತಿಕ್ಕಾಟದ ಅದೇ ಹಳೆಯ ಪಾಠ. ಇಂದು ಹಳ್ಳಿಗಳಲ್ಲಿ ಟಯರು ಗಾಡಿ ಸಾಮಾನ್ಯವಾಗಿದೆ. ಆದರೆ ಅಫಜಲಪುರದ ಕಬ್ಬನ್ನು ಕಾರ್ಖಾನೆಗೆ ಒಯ್ಯುವ ಕೆಲಸ ಬಹುಮಟ್ಟಿಗೆ ಟ್ರ್ಯಾಕ್ಟರಿನ ಪಾಲಾಗಿದೆ.

ಲಾರಿ ತಾನೂ ಸುಧಾರಿಸಲಿಲ್ಲವೆನ್ನುವಂತಿಲ್ಲ. ಕರ್ನಾಟಕದಲ್ಲಿ ಊರೂರಿನ ಆಕ್ಟ್ರಾಯ್ ಕಟ್ಟೆ 1979ರಲ್ಲಿ ಹೋಯಿತು. ರಾಜ್ಯದ ಗಡಿಯ ತೆರಿಗೆ ತಪಾಸಣೆಯ ಸಾಲು 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದ ಮೇಲೆ ಹೋಯಿತು. ನಿಂತಲ್ಲೇ ಎಂಜಿನ್ನು ಗುರುಗುಟ್ಟುತ್ತ ಸುಟ್ಟ ಎಣ್ಣೆ ಎಷ್ಟೋ! 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ಆರರ ಕಟ್ಟಳೆ ಬಂದು, ಡೀಸೆಲಿನ ಗಂಧಕ ಹತ್ತು ಲಕ್ಷದಲ್ಲಿ ಐವತ್ತು ಪಾಲಿನಿಂದ ಹತ್ತಕ್ಕೆ ಇಳಿಯಿತು. ಹೊಗೆಯ ನೈಟ್ರೋಜನ್ ವಿಷವನ್ನು ಮುರಿಯಲು ಲಾರಿಯವನು ಈಗ ಡೀಸೆಲಿನ ಜೊತೆಗೆ ಯೂರಿಯಾ ನೀರನ್ನೂ ತುಂಬಿಸುತ್ತಾನೆ. ಕಪ್ಪು ಹೊಗೆ ತಗ್ಗಿತು, ನಿಜ. ಆದರೆ ಕಣ್ಣಿಗೆ ಕಾಣದ ಹೊಗೆ ಯಾವ ಸೋಸುವಿಕೆಗೂ ಸಿಕ್ಕುವಂಥದಲ್ಲ. ಒಂದು ಲೀಟರು ಡೀಸೆಲಿನ ತೂಕ ಒಂದು ಕಿಲೋ ಕೂಡ ಇಲ್ಲ; ಉರಿದರೆ ಅದು ಎರಡೂ ಮುಕ್ಕಾಲು ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಗಾಳಿಯ ಆಮ್ಲಜನಕ ಸೇರಿ ತೂಕ ಹೆಚ್ಚುತ್ತದೆ. ಕಡಿಮೆ ಸುಡುವುದೊಂದೇ ಇದಕ್ಕೆ ಮದ್ದು.

ಈಗ ಆ ರೈಲಿನ ಲೆಕ್ಕವನ್ನು ನೋಡಬಹುದು. ಭಾರ ತುಂಬಿದ ದೊಡ್ಡ ಲಾರಿ ಒಂದು ಲೀಟರಿಗೆ ಮೂರೂವರೆ ಕಿಲೋಮೀಟರ್ ಹೋದರೆ ಪುಣ್ಯ. ನೆಲಮಂಗಲದಿಂದ ಸೊಲ್ಲಾಪುರಕ್ಕೆ ರಸ್ತೆಯಲ್ಲಿ ಆರು ನೂರು ಕಿಲೋಮೀಟರ್ ಎಂದಿಟ್ಟುಕೊಂಡರೆ ಒಂದೊಂದು ಲಾರಿಗೆ ನೂರ ಎಪ್ಪತ್ತು ಲೀಟರು. ನಲವತ್ತೆರಡಕ್ಕೆ ಏಳು ಸಾವಿರ ಲೀಟರಿಗೂ ಮೇಲೆ. ಹೊಗೆ ಹತ್ತೊಂಬತ್ತು ಟನ್ನಿನಷ್ಟು. ಅಷ್ಟು ಹೊಗೆ ರಸ್ತೆಯ ಮೇಲೆ ಏಳದೆ ಉಳಿಯಿತು. ರೈಲಿನ ಎಂಜಿನ್ನು ಉಪವಾಸ ಎಳೆಯುವುದಿಲ್ಲ, ಅದರ ಊಟವನ್ನು ಕಳೆಯಬೇಕು; ಈ ಮಾರ್ಗಕ್ಕೆ ಈಗ ತಂತಿ ಬಂದು ವಿದ್ಯುತ್ ಎಂಜಿನ್ನು ಓಡುತ್ತಿದ್ದರೂ, ನಮ್ಮ ವಿದ್ಯುತ್ತಿನ ದೊಡ್ಡ ಪಾಲು ಇನ್ನೂ ಕಲ್ಲಿದ್ದಲಿನದೇ. ಇನ್ನೊಂದು ದೋಷವನ್ನೂ ಮುಚ್ಚಿಡಬಾರದು. ಸರಕನ್ನು ಮಾತ್ರ ಹೊರುವ ಬದಲು ಲಾರಿಯ ಕಬ್ಬಿಣವನ್ನೂ, ಗಾಲಿಯನ್ನೂ, ಚಾಲಕನ ಹಾಸಿಗೆಯನ್ನೂ ರೈಲು ಹೊರುತ್ತದೆ. ಸರಕು ನೇರವಾಗಿ ಡಬ್ಬಿಯಲ್ಲಿ ಹೋದರೆ ಉಳಿತಾಯ ಇನ್ನೂ ಹೆಚ್ಚು. ಆದರೆ ಹಾಗೆ ಹೋದರೆ ಹೋಟಗಿಯ ಹಮಾಲಿಯ ಕಥೆಯೇ ಎರಡು ತುದಿಗೂ ಬಂತು: ಇಳಿಸು, ಏರಿಸು, ಕಾಯಿ. ಲಾರಿಯನ್ನೇ ಹೊತ್ತರೆ ಬಾಳೆಯಲ್ಲಿ ಇಳಿದ ಚಾಲಕ ಕೀಲಿ ತಿರುಗಿಸಿ ನೇರ ಗಿರಾಕಿಯ ಬಾಗಿಲಿಗೆ ಹೋಗುತ್ತಾನೆ. ಕೊಂಕಣ ರೈಲ್ವೆಯವರು 1999ರ ಜನವರಿ 26ರಂದು ಕೋಲಾಡದಿಂದ ಗೋವೆಯ ವೆರ್ಣಾಕ್ಕೆ ಇಂಥ ರೈಲನ್ನು ಮೊದಲು ಓಡಿಸಿ, ಆಮೇಲೆ ನಮ್ಮ ಸುರತ್ಕಲ್ಲಿನವರೆಗೆ ತಂದರು. ಅಲ್ಲಿ ಅದು ಕಾಲೂರಿತು. ಘಟ್ಟದ ತಿರುವು, ಮಳೆ, ಕೆಟ್ಟ ಹೆದ್ದಾರಿ ಇವುಗಳ ಭಯ ಚಾಲಕರನ್ನು ರೈಲಿಗೆ ಅಟ್ಟಿತು. ಬಯಲುಸೀಮೆಯ ಹೆದ್ದಾರಿ ಅಗಲ, ನೇರ. ಇಲ್ಲಿ ಭಯವಿಲ್ಲ. ಬಾಡಿಗೆಯ ಲೆಕ್ಕವೊಂದೇ. ಆ ಲೆಕ್ಕದಲ್ಲಿ ರಸ್ತೆಯ ತೇಯ್ಮಾನ, ಆಕಾಶಕ್ಕೆ ಹೋದ ಹೊಗೆ, ಎರಡು ರಾತ್ರಿ ನಿದ್ದೆಗೆಟ್ಟ ಚಾಲಕನ ಕಣ್ಣು ಯಾವುದೂ ಯಾರ ಖಾತೆಗೂ ಬೀಳುವುದಿಲ್ಲ. ಬಿದ್ದ ದಿನ ರೈಲಿನ ಬಾಡಿಗೆ ಅಗ್ಗವೆನಿಸೀತು.

1932ರಲ್ಲಿ ಹಳಿ ಮತ್ತು ರಸ್ತೆಯ ಎರಡೂ ಖಾತೆ ಒಂದೇ ಪುಸ್ತಕದಲ್ಲಿದ್ದವು. 2020ರಲ್ಲಿ ಅವನ್ನು ಮತ್ತೆ ಕೂಡಿಸಲು ಲಾರಿಯನ್ನು ಎತ್ತಿ ರೈಲಿನ ಮೇಲೆ ಇಡಬೇಕಾಯಿತು.

ಆ ರೈಲಿಗೆ ಗಾಣಗಾಪುರ ರೋಡಿನಲ್ಲಿ ಏನೂ ಕೆಲಸವಿರಲಿಲ್ಲ. ಬೆಂಗಳೂರಿನ ಸರಕು ಸೊಲ್ಲಾಪುರಕ್ಕೆ, ಅದರಾಚೆಗೆ. ಸುತ್ತಲಿನ ಹೊಲಗಳ ತೊಗರಿ ಹಳಿಯ ಪಕ್ಕದಲ್ಲಿಯೇ ಬೆಳೆದು, ಹಳಿಯ ಪಕ್ಕದಲ್ಲಿಯೇ ಲಾರಿ ಹತ್ತಿ ಕಲಬುರ್ಗಿಯ ಮಾರುಕಟ್ಟೆಗೆ ಹೋಗುತ್ತದೆ. ಹುಣ್ಣಿಮೆ ಹತ್ತಿರ ಬಂದರೆ ನಿಲ್ದಾಣದಲ್ಲಿ ಜನ ಹೆಚ್ಚು. ರೈಲಿನಿಂದ ಇಳಿದವರು ಹೊರಗೆ ಬಂದು, ಕ್ಷೇತ್ರಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಾರೆ.